ಒಬ್ಬ ಸಿಸ್ಟರ್ ಇದ್ದರೆ ಸಾಕೇ?

ಶಾಲೆಗಳಿಗೆ ಬೇಸಿಗೆ ರಜೆ ಸಿಕ್ಕಿತೆಂದರೆ ನಮ್ಮ ಊರುಗಳಲ್ಲಿ ಶಿಬಿರಗಳ ಕಾಲ. ವಾಟ್ಸ್‌ಆ್ಯಪ್‌ನಲ್ಲಿ ಒಂದರ ಹಿಂದೆ ಒಂದು ಪೋಸ್ಟರ್ ಬರುತ್ತದೆ. ಹತ್ತು ದಿನದ ವಸತಿ ಶಿಬಿರ, ಆಟೋಟ, ಚಿತ್ರಕಲೆ, ವ್ಯಕ್ತಿತ್ವ ವಿಕಸನ, ಊಟ ತಿಂಡಿ ಎಲ್ಲ ಉಂಟು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ‘ನರ್ಸ್ ಸೌಲಭ್ಯ ಇದೆ.’ ಅದನ್ನು ಓದಿ ಉಮ್ಮಂದಿರಿಗೆ ಸಮಾಧಾನ. ಮಗುವಿಗೆ ಏನಾದರೂ ಆದರೆ ನೋಡಲು ಜನ ಇದ್ದಾರಲ್ಲ! ನಾವೂ ಹಾಗೆ ಸಮಾಧಾನಪಟ್ಟವರೇ. ಆ ಒಂದು ಸಾಲಿನ ಹಿಂದೆ ನಿಂತಿರುವ ಹುಡುಗಿಗೆ ಯಾರಿದ್ದಾರೆ ಎಂದು ಮಾತ್ರ ನಾವು ಕೇಳಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಂಥ ಶಿಬಿರವೊಂದಕ್ಕೆ ಹೋಗಿಬಂದ ನಮ್ಮ ಪರಿಚಯದ ಹುಡುಗಿಯೊಬ್ಬಳು ಈ ಸಲ ಕರೆದರೂ ಹೋಗುವುದಿಲ್ಲ ಎಂದಿದ್ದಾಳೆ. ಬಿಎಸ್ಸಿ ನರ್ಸಿಂಗ್ ಮುಗಿಸಿ ಆಗಷ್ಟೇ ಕೆಲಸ ಹುಡುಕುತ್ತಿದ್ದಳು. ನೂರಕ್ಕೂ ಮಿಕ್ಕಿ ಮಕ್ಕಳು, ಇವಳೊಬ್ಬಳು. ಇವಳ ಕೈಗೆ ಕೊಟ್ಟದ್ದು ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಹತ್ತಿ, ಬ್ಯಾಂಡೇಜ್, ಒಂದು ಮುಲಾಮು, ಜ್ವರದ ಮಾತ್ರೆ, ನಾಲ್ಕು ಓಆರ್‌ಎಸ್ ಪ್ಯಾಕೆಟ್. ಮಲಗಿಸಲು ಕೋಣೆ ಇಲ್ಲ, ಯಾವ ಮಗುವಿಗೆ ಏನು ಕಾಯಿಲೆ ಎಂಬ ಪಟ್ಟಿ ಇಲ್ಲ, ಫೋನ್ ಮಾಡಿ ಕೇಳಲು ಒಬ್ಬ ಡಾಕ್ಟರ್ ಇಲ್ಲ.

ಐದನೇ ರಾತ್ರಿ ಒಬ್ಬ ಹುಡುಗನಿಗೆ ಉಸಿರು ಕಟ್ಟತೊಡಗಿತು. ಆಸ್ತಮಾ. ಇನ್‌ಹೇಲರ್ ಮನೆಯಲ್ಲೇ ಉಳಿದಿತ್ತು. ಅವಳು ವಾಹನ ಕೇಳಿದಳು. ‘ಸ್ವಲ್ಪ ನೋಡುವ ಸಿಸ್ಟರ್, ಬೆಳಗ್ಗೆ ಆಗಲಿ, ಈಗ ಮನೆಯವರಿಗೆ ಹೇಳಿದ್ರೆ ಸುಮ್ಮನೆ ಗಾಬರಿ’ ಎಂಬ ಉತ್ತರ ಬಂತು. ಮಗು ಮಾತಾಡಲಾಗದೆ ಕೂತಲ್ಲೇ ಮುಂದಕ್ಕೆ ಬಾಗಿ ಉಸಿರಿಗೆ ಒದ್ದಾಡುತ್ತಿದೆ, ಇದು ಕಾಯುವ ಹೊತ್ತಲ್ಲ ಎಂದು ಅವಳಿಗೆ ಗೊತ್ತಿತ್ತು. ಹಟ ಹಿಡಿದಳು. ಕೊನೆಗೆ ಅಕ್ಕಿ ತರಕಾರಿ ತರುವ ಪಿಕಪ್‌ನಲ್ಲಿ ಕರೆದುಕೊಂಡು ಹೋದರು. ಮಗು ಹುಷಾರಾಯಿತು. ಆದರೆ ಮರುದಿನ ಒಂದು ಕಡೆಯಿಂದ ‘ತಡವಾಗಿ ಯಾಕೆ ಹೇಳಿದ್ದು’ ಎಂದು ಮನೆಯವರು, ಇನ್ನೊಂದು ಕಡೆಯಿಂದ ‘ಸಣ್ಣದನ್ನು ದೊಡ್ಡದು ಮಾಡಿದಿರಿ’ ಎಂದು ಸಂಘಟಕರು. ಬೈಗುಳ ಎರಡೂ ಅವಳಿಗೇ.

ಇದು ಒಂದು ಶಿಬಿರದ ದೋಷ ಎಂದು ನಾವು ಹೇಳುತ್ತಿಲ್ಲ. ಮಕ್ಕಳಿಗಾಗಿ ನಿದ್ದೆಗೆಟ್ಟು ದುಡಿಯುವ ಸಂಘಟಕರನ್ನು ನಾವು ಬಲ್ಲೆವು. ಆದರೆ ಸಿಸ್ಟರ್ ಇದ್ದಾಳೆ ಎಂಬ ಧೈರ್ಯದಲ್ಲಿ ಉಳಿದೆಲ್ಲರೂ ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ.

ಮೊದಲು ನಮ್ಮ ಮನೆಗಳ ವಿಷಯ. ಅರ್ಜಿಯಲ್ಲಿ ‘ಕಾಯಿಲೆ ಏನಾದರೂ ಇದೆಯೇ’ ಎಂದು ಕೇಳಿದಲ್ಲಿ ‘ಇಲ್ಲ’ ಎಂದು ಬರೆದುಬಿಡುತ್ತೇವೆ. ಫಿಟ್ಸ್ ಇದೆ ಎಂದು ಬರೆದರೆ ಸೇರಿಸಿಕೊಳ್ಳದಿದ್ದರೆ ಎಂಬ ಹೆದರಿಕೆ. ಹೆಣ್ಣು ಮಗುವಾದರೆ ನಾಳೆ ಮದುವೆ ಮಾತಿನ ಹೊತ್ತಿಗೆ ಅದೇ ಅಡ್ಡ ಬಂದೀತು ಎಂಬ ಇನ್ನೊಂದು ಹೆದರಿಕೆ. ಈ ಹೆದರಿಕೆ ಸುಳ್ಳಲ್ಲ, ನಮ್ಮ ಸಮಾಜವೇ ಅದನ್ನು ಹುಟ್ಟಿಸಿದೆ. ಆದರೆ ದಿನಾ ನುಂಗುವ ಮಾತ್ರೆ ಹತ್ತು ದಿನ ತಪ್ಪಿದರೆ ಅದೇ ಮಗು ಅಂಗಳದಲ್ಲಿ ಬೀಳುತ್ತದೆ. ಆಗ ಸುತ್ತ ಇದ್ದವರು ಕೈಗೆ ಕಬ್ಬಿಣದ ಬೀಗದಕೈ ಕೊಡುತ್ತಾರೆ, ಬಾಯಿಗೆ ಚಮಚ ತುರುಕುತ್ತಾರೆ. ಇವೆರಡೂ ಬೇಡ. ಒಂದು ಮಗ್ಗುಲಿಗೆ ಹೊರಳಿಸಿ, ತಲೆಗೆ ಪೆಟ್ಟಾಗದಂತೆ ನೋಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕು. ಸಿಸ್ಟರ್‌ಗೆ ಇದು ಗೊತ್ತು. ಗೊತ್ತಿಲ್ಲದ್ದು ಆ ಮಗುವಿಗೆ ಫಿಟ್ಸ್ ಇದೆ ಎಂಬುದು.

ಇನ್ನು ಮದ್ದು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹೆಸರಿಲ್ಲದ ಮಾತ್ರೆ ಕಟ್ಟಿ ‘ರಾತ್ರಿ ಒಂದು ಕೊಡಿ’ ಎಂದು ಕಳಿಸುತ್ತೇವೆ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಸಿರಪ್‌ನಲ್ಲೇ 5 ಮಿ.ಲೀ.ಗೆ 120 ಅಥವಾ 125 ಮಿ.ಗ್ರಾಂ. ಇರುವುದೂ ಉಂಟು, 250 ಮಿ.ಗ್ರಾಂ. ಇರುವುದೂ ಉಂಟು. ಎಷ್ಟು ಕೊಡಬೇಕೆಂಬುದು ಮಗುವಿನ ತೂಕದ ಮೇಲೆ. ಲೇಬಲ್ ಇಲ್ಲದ ಬಾಟಲಿ, ತೂಕ ಗೊತ್ತಿಲ್ಲದ ಮಗು. ಅವಳು ಎಂತ ಮಾಡಬೇಕು? ತಾನಾಗಿ ಮದ್ದು ಬರೆಯಲು ನರ್ಸ್‌ಗೆ ಅಧಿಕಾರವಿಲ್ಲ. ಡಾಕ್ಟರ್ ಮೊದಲೇ ಬರೆದುಕೊಟ್ಟ ಸೂಚನೆ ಇಲ್ಲದಿದ್ದರೆ, ಕೊಟ್ಟರೂ ತಪ್ಪು, ಕೊಡದಿದ್ದರೂ ತಪ್ಪು.

ಮಂಗಳೂರಿನಲ್ಲಿ ವೆನ್‌ಲಾಕ್ ಇದೆ, ಮೆಡಿಕಲ್ ಕಾಲೇಜುಗಳಿವೆ. ಆದರೆ ಶಿಬಿರ ನಡೆಯುವುದು ಎಷ್ಟೋ ಸಲ ಬೆಳ್ತಂಗಡಿ, ಸುಳ್ಯ ಕಡೆಯ ಒಳಊರುಗಳಲ್ಲಿ. ತೋಟದ ನಡುವೆ ಹಾವಿನ ಭಯ, ಪಕ್ಕದಲ್ಲಿ ಹೊಳೆ, ಮೇಲೆ ಮೇ ತಿಂಗಳ ಸೆಕೆ. ಹಾವು ಕಚ್ಚಿದರೆ ಹಗ್ಗ ಕಟ್ಟುವುದು, ಗಾಯ ಕೊಯ್ಯುವುದು ಯಾವುದೂ ಕೂಡದು. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು ಪ್ರತಿವಿಷ ಇರುವ ಆಸ್ಪತ್ರೆಗೆ ಓಡಬೇಕು. ಆ ಆಸ್ಪತ್ರೆ ಯಾವುದೆಂದು ಶಿಬಿರ ಸುರುವಾಗುವ ಮೊದಲೇ ವಿಚಾರಿಸಿಡಬೇಕು, ಕಚ್ಚಿದ ಮೇಲಲ್ಲ. 108ಕ್ಕೆ ಕರೆ ಮಾಡಲು ಆ ಜಾಗದಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತದೆಯೇ ಎಂದೂ ನೋಡಿರಬೇಕು.

ಇನ್ನೊಂದು ಸಂಕಟ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಗಲು ಗಾಯ, ಹೊಟ್ಟೆನೋವು. ರಾತ್ರಿ ಉಮ್ಮನ ನೆನಪಾಗಿ ಅಳುವ ಪುಟ್ಟವರು, ಹಾಸಿಗೆ ಒದ್ದೆ ಮಾಡಿ ನಾಚುವವರು, ಮೊದಲ ಸಲ ಮುಟ್ಟಾಗಿ ಹೆದರಿದ ಹುಡುಗಿಯರು. ಎಲ್ಲರೂ ಬರುವುದು ಸಿಸ್ಟರ್ ಹತ್ತಿರ. ಹತ್ತು ರಾತ್ರಿ ಅವಳಿಗೆ ಸರಿಯಾದ ನಿದ್ದೆ ಇಲ್ಲ. ಸಂಬಳ ಕೇಳಿದರೆ ‘ಇದು ಸೇವೆ ಅಲ್ವಾ?’ ಎನ್ನುತ್ತಾರೆ. ಶಾಮಿಯಾನದವನಿಗೆ, ಅಡುಗೆಯವನಿಗೆ ನಾವು ಹಾಗೆ ಹೇಳುವುದಿಲ್ಲವಲ್ಲ. ಸಾಲ ಮಾಡಿ ಮಗಳನ್ನು ನಾಲ್ಕು ವರ್ಷ ಓದಿಸಿದ ಮನೆಯವರಿಗೆ ಈ ಮಾತು ಹೇಗೆ ಕೇಳಿಸೀತು?

ಆದ್ದರಿಂದ ಈ ಸಲ ಶಿಬಿರ ನಡೆಸುವವರಲ್ಲಿ ನಮ್ಮ ವಿನಂತಿ ಇಷ್ಟು. ಹತ್ತಿರದ ಒಬ್ಬ ಡಾಕ್ಟರರನ್ನು ಮೊದಲೇ ಒಪ್ಪಿಸಿ, ಯಾವಾಗ ಏನು ಮಾಡಬೇಕೆಂದು ಬರಹದಲ್ಲಿ ಪಡೆದುಕೊಳ್ಳಿ. ರಾತ್ರಿಯಿಡೀ ಒಂದು ವಾಹನ ಮತ್ತು ಚಾಲಕ ಅಲ್ಲೇ ಇರಲಿ. ಸಿಸ್ಟರ್‌ಗೆ ಒಂದು ಕೋಣೆ, ಪಾಳಿಗೆ ಇನ್ನೊಬ್ಬರು, ನ್ಯಾಯವಾದ ಸಂಬಳ ಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ, ‘ಆಸ್ಪತ್ರೆಗೆ ಹೋಗಬೇಕು’ ಎಂದು ಅವಳು ಹೇಳಿದರೆ ಅದೇ ಕೊನೆಯ ಮಾತಾಗಲಿ. ಶಿಬಿರದ ಹೆಸರು ಕೆಡುತ್ತದೆ ಎಂದು ಯಾರೂ ಅವಳನ್ನು ತಡೆಯಬಾರದು.

ಹೆತ್ತವರಲ್ಲೂ ಒಂದು ಮಾತು. ಮಗುವಿನ ಕಾಯಿಲೆ, ಅಲರ್ಜಿ, ತೂಕ, ದಿನದ ಮದ್ದು ಇವನ್ನು ಒಂದು ಕಾಗದದಲ್ಲಿ ಬರೆದು, ಡಾಕ್ಟರರ ಚೀಟಿಯ ಪ್ರತಿ ಸೇರಿಸಿ, ಲಕೋಟೆಯಲ್ಲಿಟ್ಟು ಸಿಸ್ಟರ್ ಕೈಗೇ ಕೊಡಿ. ಅದು ಬೇರೆಯವರ ಕಣ್ಣಿಗೆ ಬೀಳಬೇಕಾಗಿಲ್ಲ. ಗುಟ್ಟು ಕಾಯುವುದೂ ಅವಳು ಕಲಿತ ಕೆಲಸವೇ. ಮಗುವನ್ನು ಬಿಟ್ಟುಬರುವ ದಿನ ಊಟ ಹೇಗೆ, ಹಾಸಿಗೆ ಹೇಗೆ ಎಂದು ಕೇಳುತ್ತೇವಲ್ಲ, ಜತೆಗೆ ‘ಸಿಸ್ಟರ್ ಎಲ್ಲಿದ್ದಾರೆ, ಅವರಿಗೆ ಏನೇನು ವ್ಯವಸ್ಥೆ ಮಾಡಿದ್ದೀರಿ?’ ಎಂದೂ ಕೇಳೋಣ. ನೂರು ಮನೆಯವರು ಕೇಳಿದರೆ ಬರುವ ವರ್ಷ ವ್ಯವಸ್ಥೆ ತಾನಾಗಿ ಆಗುತ್ತದೆ. ಬರುವುದಿಲ್ಲ ಎಂದ ಆ ಹುಡುಗಿಯೂ ಆಗ ಬಂದಾಳು.