ಕೂಲಿಯ ಲೆಕ್ಕ ಕೊಡಬೇಕಾದವರು ಯಾರು?

ಹೊಸ ಕಾರ್ಮಿಕ ಸಂಹಿತೆಗಳ ಕುರಿತ ಚರ್ಚೆ ಈ ವಾರವೂ ಮುಂದುವರಿದಿದ್ದು, ಅವುಗಳ ಪರ ವಹಿಸುವವರು ಮತ್ತೆ ಅಮೆರಿಕದ ಕಡೆಗೇ ಬೆರಳು ತೋರಿಸುತ್ತಿದ್ದಾರೆ. ಬೇಕಾದಾಗ ಆಳುಗಳನ್ನು ತೆಗೆದುಕೊಂಡು ಬೇಡವಾದಾಗ ಬಿಡಿಸುವ ಸ್ವಾತಂತ್ರ್ಯ ಉದ್ಯಮಕ್ಕೆ ಇದ್ದುದರಿಂದಲೇ ಆ ದೇಶ ಬೆಳೆಯಿತೆಂಬುದು ಅವರ ವಾದದ ತಿರುಳು. ಆ ಸ್ವಾತಂತ್ರ್ಯದ ಬೆಲೆಯನ್ನು ಅಲ್ಲಿ ಯಾರು ತೆತ್ತರು, ಅದನ್ನು ಕಂಡ ಮೇಲೆ ಅಲ್ಲಿನ ರಾಜ್ಯಗಳೇ ತಮ್ಮ ಕಾನೂನನ್ನು ಹೇಗೆ ತಿದ್ದಿಕೊಂಡವು ಎಂಬುದನ್ನು ಮಾತ್ರ ಇವರಲ್ಲಿ ಯಾರೂ ಹೇಳುವುದಿಲ್ಲ. ಹೇಳದೆ ಬಿಟ್ಟ ಆ ಭಾಗವೇ ಮುಖ್ಯವಾದುದರಿಂದ ಅದನ್ನು ಇಲ್ಲಿ ವಿವರವಾಗಿ ನೋಡಬೇಕಾಗಿದೆ.

ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳಲ್ಲಿ ಇಳಿಯುವ ಏಷ್ಯಾದ ಸರಕು ಲಾರಿಯೇರಿ ಒಳನಾಡಿಗೆ ಸಾಗಿ, ರಿವರ್‌ಸೈಡ್ ಮತ್ತು ಸ್ಯಾನ್ ಬರ್ನಾರ್ಡಿನೊ ಕೌಂಟಿಗಳ ಗೋದಾಮುಗಳನ್ನು ಸೇರುತ್ತದೆ. ಈ ಪ್ರದೇಶವನ್ನು ಇನ್‌ಲ್ಯಾಂಡ್ ಎಂಪೈರ್ ಎಂದು ಕರೆಯುತ್ತಾರೆ. ಬಿಸಿಲಿಗೆ ಕಾದ ಕಂಟೇನರಿನೊಳಗೆ ನಿಂತು ಪೆಟ್ಟಿಗೆಗಳನ್ನು ಕೈಯಿಂದಲೇ ಇಳಿಸುವವರಲ್ಲಿ ಬಹಳಷ್ಟು ಜನ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ವಲಸೆ ಬಂದವರು, ಮತ್ತು ಅವರಲ್ಲಿ ಅನೇಕರಿಗೆ ಕೆಲಸ ಕೊಟ್ಟದ್ದು ಗೋದಾಮಿನ ಕಂಪನಿಯಲ್ಲ, ಆಳುಗಳನ್ನು ಪೂರೈಸುವ ಏಜೆನ್ಸಿ. ಅಲ್ಲಿನ ಮಿರಾ ಲೋಮಾದ ಗೋದಾಮುಗಳಲ್ಲಿ ಈ ಏರ್ಪಾಟು ಸ್ಪಷ್ಟವಾಗಿ ಕಾಣುತ್ತಿತ್ತು: ಸರಕು ವಾಲ್‌ಮಾರ್ಟ್‌ನದು, ಗೋದಾಮನ್ನು ನಡೆಸುತ್ತಿದ್ದುದು ಷ್ನೈಡರ್ ಲಾಜಿಸ್ಟಿಕ್ಸ್, ಆಳುಗಳನ್ನು ಕಳಿಸುತ್ತಿದ್ದುದು ಅದರ ಕೆಳಗಿನ ಏಜೆನ್ಸಿಗಳು. ಕೆಲಸದ ವೇಗವನ್ನು ಮೇಲಿನವರು ಗೊತ್ತುಮಾಡುತ್ತಿದ್ದರು, ಕೂಲಿಯ ಮಾತು ಬಂದಾಗ ಕೆಳಗಿನವರನ್ನು ತೋರಿಸುತ್ತಿದ್ದರು.

ಕೂಲಿಯನ್ನು ಗಂಟೆಯ ಲೆಕ್ಕಕ್ಕಿಂತ ಹೆಚ್ಚಾಗಿ ಇಳಿಸಿದ ಕಂಟೇನರುಗಳ ಲೆಕ್ಕದಲ್ಲಿ ಕೊಡಲಾಗುತ್ತಿತ್ತು. ಆ ಲೆಕ್ಕ ಹೇಗೆ ಬಂತೆಂಬುದು ದುಡಿದವನಿಗೇ ತಿಳಿಯುತ್ತಿರಲಿಲ್ಲವೆಂಬುದು ಕಾರ್ಮಿಕರ ದೂರು. 2011ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಕಾರ್ಮಿಕ ಆಯುಕ್ತರ ಇಲಾಖೆ ತಪಾಸಣೆ ನಡೆಸಿ ಎರಡು ಏಜೆನ್ಸಿಗಳಿಗೆ ಒಟ್ಟು 10 ಲಕ್ಷ ಡಾಲರಿಗೂ ಹೆಚ್ಚಿನ ದಂಡ ವಿಧಿಸಿತು. ದಂಡಕ್ಕೆ ಕಾರಣವಾದ ಅಪರಾಧ ಗಮನಾರ್ಹವಾದುದು: ಸಂಬಳದ ಚೀಟಿಯಲ್ಲಿ ಕೂಲಿಯ ಸರಿಯಾದ ವಿವರ ಕೊಡದೆ ಇದ್ದುದು. ಚೀಟಿಯಲ್ಲಿ ವಿವರವಿಲ್ಲದಿದ್ದರೆ ಹೆಚ್ಚುವರಿ ದುಡಿಮೆಯ ಕೂಲಿ ಎಷ್ಟು ಬರಬೇಕಿತ್ತು, ಎಷ್ಟು ಬಂತು ಎಂದು ನ್ಯಾಯಾಲಯದಲ್ಲಿ ತೋರಿಸುವುದು ಕಷ್ಟವಾದ್ದರಿಂದ, ಗುತ್ತಿಗೆ ದುಡಿಮೆಯ ಎಲ್ಲ ವಂಚನೆಯೂ ಶುರುವಾಗುವುದು ಈ ಚೀಟಿಯಿಂದಲೇ.

ಅದೇ ತಿಂಗಳು ಕಾರ್ಮಿಕರು ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿದರು. 2012ರ ಸೆಪ್ಟೆಂಬರ್‌ನಲ್ಲಿ ಇನ್‌ಲ್ಯಾಂಡ್ ಎಂಪೈರ್‌ನ ಗೋದಾಮು ಕೆಲಸಗಾರರು ಸುಮಾರು 80 ಕಿಲೋಮೀಟರ್ ದೂರದ ಲಾಸ್ ಏಂಜಲೀಸ್‌ಗೆ ಕಾಲ್ನಡಿಗೆಯಲ್ಲಿ ಹೋದರು. ಹೀಗೆ ಎದ್ದು ನಿಲ್ಲಲು ಅವರು ಎಷ್ಟು ಭಯವನ್ನು ಮೀರಬೇಕಾಯಿತೆಂಬುದನ್ನು ಅರಿಯಲು ಅಮೆರಿಕದ ಸುಪ್ರೀಂ ಕೋರ್ಟ್ 2002ರಲ್ಲಿ ಹಾಫ್‌ಮನ್ ಪ್ಲಾಸ್ಟಿಕ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ನೆನೆಯಬೇಕು. ವಲಸೆಯ ಕಾಗದಪತ್ರಗಳಿಲ್ಲದ ಕಾರ್ಮಿಕನನ್ನು ಸಂಘಟನೆಯ ಕಾರಣಕ್ಕೆ ಕಾನೂನುಬಾಹಿರವಾಗಿ ತೆಗೆದುಹಾಕಿದರೂ, ಕೆಲಸ ಕಳೆದುಕೊಂಡ ಅವಧಿಯ ಬಾಕಿ ವೇತನ ಅವನಿಗೆ ಸಲ್ಲುವುದಿಲ್ಲವೆಂದು ಆ ತೀರ್ಪು ಹೇಳಿತು. ಷಿಕಾಗೊ ಸುತ್ತಮುತ್ತ ಇಂಥವರನ್ನು ವ್ಯಾನಿನಲ್ಲಿ ತುಂಬಿಕೊಂಡು ಕೆಲಸದ ಜಾಗಕ್ಕೆ ಬಿಡುವ ‘ರೈಟೆರೊ’ ಎಂಬ ಮಧ್ಯವರ್ತಿ ಇದ್ದಾನೆ. ಸವಾರಿಯ ಹಣವನ್ನು ದಿನದ ಕೂಲಿಯಿಂದಲೇ ಕಿತ್ತುಕೊಳ್ಳುವ ಅವನು, ಕರ್ನಾಟಕದ ಹಳ್ಳಿಗಳಿಂದ ಆಳುಗಳನ್ನು ಹೊರಡಿಸಿಕೊಂಡು ಹೋಗುವ ಮೇಸ್ತ್ರಿಯ ನೇರ ಸೋದರ.

ಮಿರಾ ಲೋಮಾದ ಪ್ರಕರಣದಲ್ಲಿ 2013ರಲ್ಲಿ ವಾಲ್‌ಮಾರ್ಟ್ ಕೂಡ ಪ್ರತಿವಾದಿಯಾಯಿತು. 2014ರಲ್ಲಿ ರಾಜಿಯಾಗಿ, ಸುಮಾರು 1,800 ಕಾರ್ಮಿಕರಿಗಾಗಿ 2.1 ಕೋಟಿ ಡಾಲರ್ ಕೊಡಲು ಷ್ನೈಡರ್ ಒಪ್ಪಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿ, ಏಜೆನ್ಸಿ ಕಳಿಸಿದ ಆಳುಗಳ ಕೂಲಿ ಬಾಕಿಯ ಹೊಣೆಯನ್ನು ಅವರಿಂದ ಕೆಲಸ ಮಾಡಿಸಿಕೊಂಡ ಕಂಪನಿಯೂ ಹೊರಬೇಕೆಂದು ವಿಧಿಸಿತು. ಒಟ್ಟು 25ಕ್ಕಿಂತ ಕಡಿಮೆ ಕೆಲಸಗಾರರಿರುವ ಅಥವಾ ಐದಕ್ಕಿಂತ ಹೆಚ್ಚು ಗುತ್ತಿಗೆ ಆಳುಗಳನ್ನು ಪಡೆಯದ ಸಣ್ಣ ವ್ಯವಹಾರಗಳಿಗೆ ಮಾತ್ರ ಅದರಿಂದ ವಿನಾಯಿತಿ. ದಿನಕ್ಕೆ ಇಷ್ಟು ಮುಗಿಸಬೇಕೆಂಬ ಗುರಿಯನ್ನು ಗೋದಾಮಿನವರು ಬರೆದು ಕೊಡಬೇಕು, ಆ ಗುರಿ ಊಟಕ್ಕೂ ಶೌಚಕ್ಕೂ ಅಡ್ಡಿಯಾಗಬಾರದು ಎಂಬ ಮತ್ತೊಂದು ಕಾನೂನು 2022ರ ಜನವರಿಯಿಂದ ಅಲ್ಲಿ ಜಾರಿಯಲ್ಲಿದೆ. ಕಟ್ಟಡದೊಳಗಿನ ಸೆಖೆಯಿಂದ ಕೆಲಸಗಾರರನ್ನು ಕಾಪಾಡುವ ನಿಯಮಕ್ಕೆ ಮಾತ್ರ 2024ರ ಜುಲೈವರೆಗೆ ಕಾಯಬೇಕಾಯಿತು. 2019ರೊಳಗೆ ಕರಡನ್ನು ಮುಂದಿಡಬೇಕೆಂದು ಶಾಸನಸಭೆ 2016ರಲ್ಲೇ ಹೇಳಿತ್ತೆಂಬುದನ್ನು ಗಮನಿಸಿದರೆ ಈ ವಿಳಂಬ ಅಕ್ಷಮ್ಯ. ಅದೇ 2024ರಲ್ಲಿ, ಆರು ಲಾರಿಗಳ ಸರಕು ಇಳಿಸಿ ಮುಗಿಯುವವರೆಗೆ ನೀರಿಗೂ ಶೌಚಕ್ಕೂ ಹೋಗುವುದಿಲ್ಲವೆಂದು ಹರಿಯಾಣದ ಮಾನೇಸರದ ಅಮೆಜಾನ್ ಗೋದಾಮಿನಲ್ಲಿ ಕೆಲಸಗಾರರಿಂದ ಪ್ರತಿಜ್ಞೆ ಮಾಡಿಸಿದ ವರದಿ ಬಂದು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ನೋಟಿಸ್ ಕಳಿಸಬೇಕಾಯಿತು.

ಕ್ಯಾಲಿಫೋರ್ನಿಯಾ 2014ರಲ್ಲಿ ಕಂಡುಕೊಂಡ ತತ್ವ ಭಾರತದ ಕಾನೂನಿನಲ್ಲಿ 1970ರಿಂದಲೇ ಇತ್ತು. ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೆಯ ಕಲಮಿನ ಪ್ರಕಾರ, ಗುತ್ತಿಗೆದಾರ ಕೂಲಿ ಕೊಡದಿದ್ದರೆ ‘ಪ್ರಧಾನ ಮಾಲೀಕ’, ಅಂದರೆ ಯಾರ ಸಂಸ್ಥೆಯಲ್ಲಿ ಕೆಲಸ ನಡೆಯುತ್ತದೆಯೋ ಅವನು, ಅದನ್ನು ಕೊಡಬೇಕಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಂಹಿತೆಗಳು ಈ ಹೊಣೆಯನ್ನು ಅಳಿಸಿಲ್ಲವೆಂಬುದು ನಿಜ. ಆದರೆ ಗುತ್ತಿಗೆ ಕಾರ್ಮಿಕರ ಕುರಿತ ಪರವಾನಗಿ ಮುಂತಾದ ಕಟ್ಟುಪಾಡುಗಳ ಮಿತಿಯನ್ನು 20 ಆಳುಗಳಿಂದ 50ಕ್ಕೆ ಏರಿಸಿ, ಅಂತರರಾಜ್ಯ ವಲಸೆ ಕಾರ್ಮಿಕರ ವಿಷಯದಲ್ಲಿ ಐದರಿಂದ ಹತ್ತಕ್ಕೆ ಏರಿಸಿವೆ. ನಲವತ್ತು ಆಳುಗಳನ್ನು ಪೂರೈಸುವ ಗುತ್ತಿಗೆದಾರನಿಗೆ ಇನ್ನು ಪರವಾನಗಿ ಬೇಡವೆಂದಾದರೆ, ಅವನು ಇದ್ದಾನೆಂಬ ಸುಳಿವೇ ಇಲಾಖೆಗೆ ಇರುವುದಿಲ್ಲ. ಗುತ್ತಿಗೆದಾರ ಯಾರೆಂದೇ ತಿಳಿಯದಿದ್ದ ಮೇಲೆ ಕಾನೂನಿನಲ್ಲಿ ಉಳಿದ ಹೊಣೆಯಿಂದ ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದ ಹುಡುಗನಿಗೆ ಯಾವ ಪ್ರಯೋಜನವೂ ಆಗದು.

ಹೊಸಕೋಟೆ ಮತ್ತು ನೆಲಮಂಗಲದ ಹೆದ್ದಾರಿಗಳ ಬದಿಯಲ್ಲಿ ಗೋದಾಮುಗಳು ಹೆಚ್ಚುತ್ತಲೇ ಇವೆ. ಅವುಗಳಲ್ಲಿ ಯಾವ ಗುತ್ತಿಗೆದಾರನ ಎಷ್ಟು ಆಳುಗಳು ದುಡಿಯುತ್ತಿದ್ದಾರೆಂಬ ಪಟ್ಟಿಯನ್ನು ಕರ್ನಾಟಕದ ಕಾರ್ಮಿಕ ಇಲಾಖೆ ಗೋದಾಮಿನ ಒಡೆಯರಿಂದಲೇ ತರಿಸಿಕೊಳ್ಳಲಿ. ದುಡಿದ ಗಂಟೆ, ಕೂಲಿಯ ದರ ಮತ್ತು ಹಿಡಿದುಕೊಂಡ ಹಣ ಇಷ್ಟನ್ನೂ ಬರೆದ ಸಂಬಳದ ಚೀಟಿ ಪ್ರತಿಯೊಬ್ಬರಿಗೂ ಅವರು ಓದಬಲ್ಲ ಭಾಷೆಯಲ್ಲಿ ಸಿಗುವಂತೆ ಮಾಡಲಿ. ಅದನ್ನು ಕೊಡಲಾಗದ ಗೋದಾಮಿಗೆ ಬೀಗ ಹಾಕಲಿ.