ಜಾಕಿ ಹೋದ್ರೆ ಕಲ್ಲು ಸಾಕಾ?

ಹೋದ ತಿಂಗಳು ಊರಿಗೆ ಹೋಗಿದ್ದೆ. ಸಿಂಧನೂರಿನಿಂದ ಮಸ್ಕಿ ಕಡೆ ಹೋಗೋ ದಾರೀಲಿ ನಮ್ಮ ಹೊಲ. ತುಂಗಭದ್ರಾ ಎಡದಂಡೆ ಕಾಲುವೆ ನೀರು, ಹಾಗಾಗಿ ಭತ್ತ. ಮನೆ ಮುಂದೆ ಎರಡು ಗಾಲಿಯ ಟ್ರಾಲಿ ನಿಂತಿತ್ತು. ಮೂತಿ ಕೆಳಗೆ ಜಾಕಿ ಇರಬೇಕಾದ ಜಾಗದಲ್ಲಿ ಎರಡು ಕಲ್ಲು, ಅದರ ಮೇಲೊಂದು ಕಟ್ಟಿಗೆ ತುಂಡು!

"ಇನ್ನೂ ಜಾಕಿ ಹಾಕಿಸಿಲ್ಲೇನಪ್ಪಾ?" ಅಂದೆ.

"ಕಲ್ಲು ಅದಾವಲ್ಲ, ನಡೀತೈತಿ ಬಿಡು" ಅಂದ್ರು.

ಈ "ನಡೀತೈತಿ ಬಿಡು" ಬಗ್ಗೆಯೇ ನನ್ನ ತಕರಾರು.

ಕಳೆದ ವರ್ಷ ಕೊಯ್ಲಿನ ಟೈಮಲ್ಲಿ ಜಾಕಿ ಕಾಲು ಎತ್ತದೆ ಟ್ರ್ಯಾಕ್ಟರ್ ಹೊಡೆದು, ಕಾಲುವೆ ದಿಬ್ಬಕ್ಕೆ ಬಡಿದು ಅದು ಸೊಟ್ಟಾಗಿತ್ತು. ಅವತ್ತಿಂದ ಕಲ್ಲು. ವಾರದೊಳಗೆ ಒಂದು ಕಲ್ಲು ಜಾರಿ, ನಮ್ಮ ಮನೇಲಿ ದುಡಿಯೋ ಮನುಷ್ಯನ ಎಡಗೈ ಬೆರಳ ತುದಿ ಹೋಯ್ತು. ಆಸ್ಪತ್ರೆ ಖರ್ಚು ಅಪ್ಪ ಕೊಟ್ರು. ನಾನು ಬೆಂಗಳೂರಿಂದ ಒಂದಿಷ್ಟು ದುಡ್ಡು ಕಳಿಸಿ, ನನ್ನ ಕೆಲಸ ಮುಗೀತು ಅಂದ್ಕೊಂಡೆ. ಆ ದುಡ್ಡಲ್ಲಿ ಎಷ್ಟು ಜಾಕಿ ಬರ್ತಿತ್ತು ಅಂತ ಲೆಕ್ಕ ಹಾಕಲಿಲ್ಲ. ಇಂಜಿನಿಯರ್ ಬೇರೆ!

ಲೆಕ್ಕ ಸುಲಭ. ಟ್ರಾಲಿ, ಭತ್ತ ಎಲ್ಲ ಸೇರಿ 4 ಟನ್ ಅಂತಿಟ್ಕೊಳ್ಳಿ. ಭಾರದ ಕೇಂದ್ರ ಗಾಲಿಯ ಅಚ್ಚಿಗಿಂತ 30 ಸೆಂ.ಮೀ. ಮುಂದಿದೆ, ಅಚ್ಚಿನಿಂದ ಮೂತಿಗೆ 3 ಮೀಟರ್. ಆಗ ಮೂತಿ ಮೇಲೆ 400 ಕಿಲೋ. ಚೀಲ ಮುಂದಕ್ಕೆ ಒಟ್ಟಿ ಆ 30 ಹೋಗಿ 45 ಆದ್ರೆ 600 ಕಿಲೋ. ಅಷ್ಟನ್ನ ಒಂದು ಕಲ್ಲಿನ ಮೇಲೆ ಬಿಟ್ಟು, ಕಲ್ಲು ಸರಿ ಮಾಡೋಕೆ ಅಡಿಗೆ ಕೈ ಹಾಕೋದು! ಹಾಕೋದು ಟ್ರಾಲಿ ಮಾಲೀಕನ ಕೈ ಅಲ್ಲ, ಅದೇ ಬೇಜಾರು. ಮಸ್ಕಿಯ ಕಲ್ಲಿಗೆ ಬೇರೆ ಕೆಲಸ ಇದೆ ಬಿಡಿ, 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್‌ಗೆ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರೇ ಇದೆ. ಟ್ರಾಲಿ ಹೊರೋದು ಕಲ್ಲಿನ ಕೆಲಸ ಅಲ್ಲ :)

ಸಿಂಧನೂರಿನ ಒಂದು ವೆಲ್ಡಿಂಗ್ ಶಾಪಿನವರು "ಕಾಯಿಸಿ ಬಡದು ಸೀದಾ ಮಾಡಿಕೊಡ್ತೀನಿ" ಅಂದ್ರು. ನಾನು ಒಪ್ಪಲಿಲ್ಲ. ಒಮ್ಮೆ ಮಡಚಿದ ಪೈಪು ಅಲ್ಲೇ ಮತ್ತೆ ಮಡಚುತ್ತೆ, ಒಳಗಿನ ಸ್ಕ್ರೂ ಬಿಗಿಯುತ್ತೆ. ಕೊನೆಗೆ ಲಿಂಗಸುಗೂರಿನಲ್ಲಿ, ಪಿನ್ನು ತೆಗೆದು ಪಕ್ಕಕ್ಕೆ ಮಡಚಿಡೋ ಥರದ್ದು ಸಿಕ್ತು. ಹೊರಡುವಾಗ ಅಡ್ಡ ಮಲಗಿಸಿದ್ರೆ ದಿಬ್ಬಕ್ಕೆ ಬಡಿಯೋ ಮಾತೇ ಇಲ್ಲ. ಅಮೆರಿಕದಲ್ಲಿ ಕಾರಿನ ಹಿಂದೆ ದೋಣಿ ಎಳೆಯೋ ಟ್ರೇಲರ್‌ಗೂ ಇಂಥದ್ದೇ ಜಾಕಿ, ಎಷ್ಟೋ ಸಲ ಅದರ ಕಾಲಿಗೆ ಪುಟ್ಟ ಗಾಲಿ ಬೇರೆ. ನಮ್ಮ ಎರೆಮಣ್ಣಿಗೆ ಆ ಗಾಲಿ ಬೇಡ, ಅಗಲ ಪ್ಲೇಟೇ ಬೇಕು, ಇಲ್ಲಾಂದ್ರೆ ಹೂತೇ ಹೋಗುತ್ತೆ.

ಟ್ರಾಲಿ ಖಾಲಿ ಮಾಡಿದ್ವಿ. ಟ್ರ್ಯಾಕ್ಟರ್‌ನಿಂದ ಬಿಚ್ಚಲಿಲ್ಲ, ಭಾರ ಅದರ ಮೇಲೇ ಇರಲಿ ಅಂತ. ಗಾಲಿಗೆ ಹಿಂದೆ ಮುಂದೆ ಅಡ್ಡ, ಮೂತಿ ಕೆಳಗೆ ದಪ್ಪ ದಿಮ್ಮಿ. ತುಕ್ಕು ಹಿಡಿದ ಬೋಲ್ಟಿಗೆ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಕಾದ್ವಿ. ಹೊಸದನ್ನ ವೆಲ್ಡ್ ಮಾಡಿಬಿಡಿ ಅಂತ ಎಲ್ಲರ ಸಲಹೆ. ನಾನು ಬೋಲ್ಟೇ ಅಂತ ಹಠ ಹಿಡಿದೆ. ಇದೂ ಒಂದಿನ ಹಾಳಾಗುತ್ತೆ, ಆಗ ಬಿಚ್ಚಿ ಹಾಕೋಕೆ ಅರ್ಧ ಗಂಟೆ ಸಾಕು. ವೆಲ್ಡ್ ಆಗಿದ್ರೆ ಕಟ್ಟರ್ ಬೇಕು, ಶಾಪಿಗೆ ಹೋಗಬೇಕು, ಕೊಯ್ಲಿನ ನಡುವೆ ಯಾರು ಹೋಗ್ತಾರೆ? ಮತ್ತೆ ಕಲ್ಲೇ.

ಹ್ಯಾಂಡಲ್ ಮೊದಲು ತಿರುಗಿಸಿದ್ದು ಅವನೇ. "ಹಗುರ ಐತ್ರೀ ಅಣ್ಣಾರ" ಅಂದ. ನನಗಿಂತ ಎರಡು ವರ್ಷ ದೊಡ್ಡವನು, ನನಗೆ ಅಣ್ಣಾರ ಅಂತಾನೆ. ಏನು ಹೇಳಬೇಕೋ ತಿಳೀಲಿಲ್ಲ.

ಅಪ್ಪ ಆ ಕಲ್ಲುಗಳನ್ನ ಇನ್ನೂ ಎಸೆದಿಲ್ಲ. ಗೋಡೆ ಪಕ್ಕ ಜೋಡಿಸಿಟ್ಟಿದ್ದಾರೆ. ಅಂದಹಾಗೆ, ಎತ್ತಿನ ಬಂಡಿ ಮೂಕಿಗೂ ಆಸರೆಗೊಂದು ಕೋಲು ಇರ್ತಿತ್ತಲ್ಲ, ನಿಮ್ಮೂರ ಕಡೆ ಅದಕ್ಕೆ ಏನಂತಾರೆ?