‘ಸರ್ವರ್ ಬಿಜಿ’ ಅಂದ್ರೆ ಅಳೆದು ನೋಡೋಣ

 

ಸ್ಕಾಲರ್‌ಶಿಪ್ ಅರ್ಜಿ ಹಾಕಲಿಕ್ಕೆ ಹೋದ್ರೆ "ಸರ್ವರ್ ಬಿಜಿ ಐತಿ, ನಾಳೆ ಬರ್ರಿ" ಅಂತಾರ. ರೇಷನ್‌ಗೆ ಹೆಬ್ಬೆಟ್ಟು ಒತ್ತಲಿಕ್ಕೆ ಹೋದ್ರೂ ಅದೇ ಮಾತು. ನಾಳೆ ಅಂದ್ರೆ ಮನ್ಯಾಗ ಒಬ್ಬರ ಒಂದು ದಿನದ ಕೂಲಿ ಹೋದಂಗ. ಆದರೆ ಕೆಟ್ಟಿದ್ದು ದೂರದ ಸರ್ವರೋ, ದಾರಿಯ ತಂತಿಯೋ, ಅಲ್ಲೇ ಮೂಲ್ಯಾಗಿರೋ ರೂಟರೋ ಅಂತ ಯಾರೂ ನೋಡಂಗಿಲ್ಲ. ನೋಡಲಿಕ್ಕೆ ಬರತೈತಿ, ಅದೂ ಪುಕ್ಕಟೆ. ನಾವು ಕಲೀಬೇಕು ಅನ್ನೋದು ನನ್ನ ಅಭಿಪ್ರಾಯ.

ಕಂಪ್ಯೂಟರಿನಲ್ಲಿ ‘ಪಿಂಗ್’ ಎಂಬ ಆಜ್ಞೆ ಇದೆ. ಅಮೆರಿಕದ ಮೈಕ್ ಮೂಸ್ ಎಂಬುವರು 1983ರಲ್ಲಿ ಬರೆದದ್ದು. ಬಾವಿಗೆ ಕಲ್ಲು ಒಗೆದು ಸಪ್ಪಳ ಬರೋ ತನಕ ಎಣಿಸಿ ಆಳ ಹೇಳ್ತಾರಲ್ಲ, ಹಂಗ. ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಪರದೆ ತೆರೆದು, ಪಿಂಗ್ ಅಂತ ಬರೆದು ಮುಂದೆ ವಿಳಾಸ ಹಾಕಬೇಕು. ವಿಂಡೋಸ್‌ನಲ್ಲಿ ಅದು 4 ಸಣ್ಣ ಸಂದೇಶ ಕಳಿಸಿ, ಉತ್ತರ ಎಷ್ಟು ಮಿಲಿಸೆಕೆಂಡಿಗೆ ಬಂತು, ಎಷ್ಟು ಕಳೆದುಹೋದವು ಅಂತ ತೋರಿಸುತ್ತದೆ. 1000 ಮಿಲಿಸೆಕೆಂಡ್ ಅಂದರೆ ಒಂದು ಸೆಕೆಂಡ್.

ಎಷ್ಟು ಬಂದರೆ ಚಲೋ? ಬೆಂಗಳೂರು ಸುಮಾರು 400 ಕಿ.ಮೀ. ಅಂತ ಹಿಡಿಯಿರಿ. ಕೇಬಲ್ಲಿನ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹೋಗಿ ಬರಲಿಕ್ಕೆ 4 ಮಿಲಿಸೆಕೆಂಡ್ ಬೇಕೇ ಬೇಕು. 50, 60 ಬಂದರೂ ಚಿಂತೆಯಿಲ್ಲ. 900 ಬಂದರೆ ಎಲ್ಲೋ ಸಿಕ್ಕಿಬಿದ್ದೈತಿ.

ಮೊದಲು ನಮ್ಮ ರೂಟರಿಗೇ ಪಿಂಗ್ ಮಾಡಬೇಕು. ಅಲ್ಲೇ ತಡವಾದರೆ ತಪ್ಪು ನಮ್ಮ ಕೋಣೆಯೊಳಗೇ ಐತಿ, ಬೆಂಗಳೂರನ್ನು ಬೈದು ಉಪಯೋಗವಿಲ್ಲ. ರೂಟರ್ ಚಲೋ ಇದ್ದು ಹೊರಗೆ ತಡವಾದರೆ ‘ಟ್ರೇಸರ್ಟ್’ ಎಂಬ ಇನ್ನೊಂದು ಆಜ್ಞೆ. ಬಸ್ಸು ಲಿಂಗಸುಗೂರಿನ ತನಕ ಬಂತು, ಮುಂದ ಎಲ್ಲಿ ನಿಂತಿತು ಅನ್ನೋ ಹಾಗೆ ದಾರಿಯ ಒಂದೊಂದು ನಿಲ್ದಾಣ ತೋರಿಸುತ್ತದೆ. ಕೆಲವು ಸರ್ವರ್‌ಗಳು ಬೇಕಂತಲೇ ಪಿಂಗ್‌ಗೆ ಉತ್ತರ ಕೊಡೋದಿಲ್ಲ. ಆದ್ದರಿಂದ ಎರಡು ಮೂರು ವಿಳಾಸ ನೋಡದೆ ಸತ್ತೈತಿ ಅನ್ನಬಾರದು.

ನಮ್ಮೂರ ಗಣಿಯಾಗ ಹೊಳಪು ನೋಡಿ ಚಿನ್ನ ಅನ್ನಂಗಿಲ್ಲ. ಕಲ್ಲು ಪರೀಕ್ಷೆ ಮಾಡಿ ಒಂದು ಟನ್ನಿಗೆ ಎಷ್ಟು ಗ್ರಾಂ ಅಂತ ಲೆಕ್ಕ ಹಾಕ್ತಾರ. ನೆಟ್ಟಿಗೆ ಮಾತ್ರ ಯಾಕ ಬಾಯಿಮಾತು?

ಹುಡುಗರ ಲೆಕ್ಕ ಯಾರು ಕೇಳ್ತಾರ ಅಂತ ಕೆಲವರು ನಗಬಹುದು. "ನೆಟ್ ಸ್ಲೋ ಐತ್ರೀ" ಅಂದ್ರೆ "ನೋಡೋಣ" ಅಂತ ಫೋನ್ ಇಡ್ತಾರ. "ಮಂಗಳವಾರ 11 ಗಂಟೆಗೆ ರೂಟರ್ ಸರಿ ಇತ್ರೀ, ಹೊರಗ 4ರಾಗ 3 ಕಳೆದವು, ಬುಧವಾರವೂ ಹಂಗೇ" ಅಂದ್ರೆ ಅಷ್ಟು ಸುಲಭಕ್ಕೆ ಇಡಂಗಿಲ್ಲ.

ಕಂಪ್ಯೂಟರ್ ಕೋಣೆಯಲ್ಲಿ ಒಂದು ನೋಟ್‌ಬುಕ್ ಇಡಲು ಗುರುಗಳು ಅಪ್ಪಣೆ ಕೊಡಬೇಕು. ದಿನಾಂಕ, ಹೊತ್ತು, ಮಿಲಿಸೆಕೆಂಡ್, ಕಳೆದದ್ದು: ನಾಲ್ಕೇ ಗೆರೆ. ನೋಟ್‌ಬುಕ್ ನಾನು ತರ್ತೀನಿ. ಬೆಳಿಗ್ಗೆ ಪಾಳಿ ಯಾರು ತಗೋತೀರಿ, ಮಧ್ಯಾಹ್ನ ಯಾರು, ಕೆಳಗೆ ಹೆಸರು ಬರೀರಿ.

– 7ನೇ ತರಗತಿ ವಿದ್ಯಾರ್ಥಿನಿ, ಹಟ್ಟಿ